ಗಗನಾಳ ಪ್ಲಾನಿನಲ್ಲಿ ಇಲ್ಲದವನು

ಗಗನಾ ಗಾಳಿಯಲ್ಲಿ ಹಾರಿದಳು!

ಹಾರಿದ್ದು ಕನಸಿನಲ್ಲಲ್ಲ. ಜರ್ಮನಿಯ ಎಷ್‌ಬಾರ್ನ್ ಊರಿನ ಮೈದಾನದಲ್ಲಿ, ನವೆಂಬರ್ ತಿಂಗಳ ಚಳಿಯಲ್ಲಿ, ಹದಿನೈದು ಜನರ ಕಣ್ಣೆದುರಿಗೆ. ಕಬ್ಬಿಣದ ಚೌಕಟ್ಟಿಗೆ ದಪ್ಪ ದಿಂಬು ಕಟ್ಟಿದ ಸ್ಲೆಡ್ ಎಂಬ ಗಾಡಿಯ ಮೇಲೆ ಅವಳು ನಿಂತಿದ್ದಳು. ಹೊಸದಾಗಿ ಬಂದ ಆಟಗಾರರು ಒಬ್ಬೊಬ್ಬರಾಗಿ ಓಡಿ ಬಂದು ಭುಜದಿಂದ ಅದನ್ನು ತಳ್ಳಬೇಕು. ಯಾರಿಗೆಷ್ಟು ಕಸುವಿದೆ ಎಂದು ಅವಳು ಬರೆದುಕೊಳ್ಳಬೇಕು. ಉಳಿದವರು ತಳ್ಳಿದಾಗ ಅದು ಒಂದೆರಡು ಹೆಜ್ಜೆ ಸರಿದು ನಿಂತಿತ್ತು.

ಈ ಮಹಾನುಭಾವ ತಳ್ಳಿದ್ದೇ ತಡ, ಗಾಡಿ ಒಂದು ಕಡೆ, ಗಗನಾ ಇನ್ನೊಂದು ಕಡೆ!

"ಅಯ್ಯೋ! ಕಣ್ಣು ಕಾಣಲ್ವೇನ್ರೀ ನಿಮಗೆ?" ಕೆಸರಿನಲ್ಲಿ ಕೂತು ಅವಳು ಕಿರುಚಿದಳು. ಸಿಟ್ಟಿನಲ್ಲಿ ಜರ್ಮನ್ ಎಲ್ಲಿಂದ ಬರಬೇಕು? ಬಂದದ್ದು ಅಪ್ಪಟ ಮೈಸೂರು ಕನ್ನಡ.

ಬಾಗಿಲಷ್ಟು ಅಗಲದ ಆ ಮನುಷ್ಯ ಕಲ್ಲಿನಂತೆ ನಿಂತುಬಿಟ್ಟ. ಆಮೇಲೆ ಅವನ ಮುಖದ ತುಂಬ ನಗು ಹರಡಿತು.

"ಕಣ್ಣ ಕಾಣಸ್ತಾವ್ರೀ... ಆದ್ರ ದೂಡೂದು ಹೆಂಗಂತ ಹೇಳಿದ್ರು, ನಿಂದ್ರೂದು ಹೆಂಗಂತ ಯಾರೂ ಹೇಳಲಿಲ್ರೀ!"

ಗಗನಾಳಿಗೆ ಬೈಯಬೇಕೆನಿಸಿತು. ನಗು ಬಂದುಬಿಟ್ಟಿತು.

ಅವನು ಚಾಚಿದ ಕೈ ಹಿಡಿದು ಎದ್ದಳು. ಅಷ್ಟು ದೊಡ್ಡ ಕೈ... ಅಷ್ಟು ಮೆತ್ತಗೆ ಹಿಡಿಯಬಲ್ಲದೇ ಎಂದು ಅವಳ ಮನಸ್ಸು ಒಂದು ಕ್ಷಣ ಸುಮ್ಮನೆ ಅಚ್ಚರಿಪಟ್ಟಿತು.

ಅವನ ಹೆಸರು ಬಸವ. ಅಥಣಿ ಕಡೆಯವನು. ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್. ಕಾಲೇಜು ದಿನಗಳಲ್ಲಿ ಕುಸ್ತಿ ಆಡಿದವನು. ಅಮೆರಿಕನ್ ಫುಟ್‌ಬಾಲ್ ಎಂದರೆ ಏನೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಮತ್ತ ಚೆಂಡು ನನ್ನ ಕೈಗೆ ಯಾವಾಗ ಬರ್ತೈತ್ರಿ?" ಎಂದು ಕೇಳಿದ.

"ಬರೋದೇ ಇಲ್ಲ ಕಣ್ರೀ. ಚೆಂಡು ಎಸೆಯೋನು ಹಿಂದೆ ನಿಂತಿರ್ತಾನೆ, ಕ್ವಾರ್ಟರ್‌ಬ್ಯಾಕ್ ಅಂತ. ಅವನನ್ನ ಯಾರೂ ಕೆಡವದ ಹಾಗೆ ಮುಂದೆ ನಿಂತು ಕಾಯೋದು ನಿಮ್ಮ ಕೆಲಸ."

"ಗೋಲ್ ಹೊಡದ್ರ ಚಪ್ಪಾಳಿ ಅವಂಗ?"

"ಅವನಿಗೇ."

ಬಸವ ಸ್ವಲ್ಪ ಯೋಚಿಸಿ, "ನಡೀತೈತಿ ತಗೋರಿ," ಎಂದ.

ಹಾಗೆ ಅವನು ಟೌನುಸ್ ಬೋರ್ಸ್ ತಂಡಕ್ಕೆ ಬಂದ.

ತಂಡ ಎನ್ನುವಂಥದ್ದು ಅಲ್ಲಿ ಉಳಿದಿತ್ತೇ ಎಂಬುದೇ ಪ್ರಶ್ನೆ! ಹಿಂದಿನ ಸೀಸನ್‌ನಲ್ಲಿ ಬೋರ್ಸ್ ಒಂದೇ ಒಂದು ಪಂದ್ಯ ಗೆದ್ದು, ಕೆಳಗಿನ ಲೀಗಿಗೆ ಜಾರಿತ್ತು. ಅರ್ಧ ಆಟಗಾರರು ಬೇರೆ ಕ್ಲಬ್ ಸೇರಿದ್ದರು. ಇನ್ನು ಕೆಲವರಿಗೆ ಇದ್ದಕ್ಕಿದ್ದಂತೆ ಮಂಡಿನೋವು. ಜನವರಿ ಮುಗಿಯುವುದರೊಳಗೆ ಸಾಕಷ್ಟು ಆಟಗಾರರ ಹೆಸರು ಕೊಡದಿದ್ದರೆ ಲೀಗಿನಿಂದಲೇ ಹೊರಗೆ. ಕೋಚ್ ಊವೆ ಅಗ್ನಿಶಾಮಕ ದಳದಿಂದ ನಿವೃತ್ತನಾದವನು. ಉರಿಯುವ ಮನೆಗಳಿಗೆ ಹೆದರದವನು ಈ ಚಳಿಗಾಲಕ್ಕೆ ಹೆದರಿದ್ದ.

ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕರೆಯಬೇಕು, ಯಾರ ಜಾಗ ಬದಲಿಸಬೇಕು... ಈ ಕಾಡರ್‌ಪ್ಲಾನುಂಗ್ ಎಲ್ಲವನ್ನೂ ಅವನು ಗಗನಾಳಿಗೆ ಒಪ್ಪಿಸಿದ್ದ. ಅವಳು ಎಷ್‌ಬಾರ್ನ್‌ನ ಒಂದು ಐಟಿ ಆಫೀಸಿನಲ್ಲಿ ಡೇಟಾ ಅನಲಿಸ್ಟ್. ಎರಡು ವರ್ಷದ ಹಿಂದೆ ಸಹೋದ್ಯೋಗಿಯ ಜೊತೆ ಸುಮ್ಮನೆ ಪಂದ್ಯ ನೋಡಲು ಬಂದವಳು, "ನಿಮ್ಮ ಹುಡುಗನನ್ನ ಪ್ರತಿ ಸಲ ಎಡಗಡೆಯಿಂದಲೇ ಕೆಡವ್ತಿದಾರೆ," ಎಂದು ಕೋಚಿಗೆ ಹೇಳಿ ಸಿಕ್ಕಿಹಾಕಿಕೊಂಡಿದ್ದಳು.

ಮೈಸೂರಿನ ಅಮ್ಮ ಜಲಜಮ್ಮನಿಗೆ ಮಾತ್ರ ಇದು ಅರ್ಥವೇ ಆಗಿರಲಿಲ್ಲ. "ಬೋರ್ ಅಂದ್ರೆ ಕಾಡುಹಂದಿ ಅಲ್ವೇನೇ? ಹಂದಿ ಹೆಸರಿನ ಟೀಮಿಗೆ ಹೋಗಿ ದುಡೀತೀಯಾ? ಅದೂ ಪುಕ್ಕಟೆ?"

ಆದರೆ ಭಾನುವಾರಗಳಲ್ಲಿ ಬಾಯಿ ಬಿಟ್ಟು ಮಾತಾಡಲೂ ಒಬ್ಬರಿಲ್ಲದ ಆ ಊರಿನಲ್ಲಿ, ಗಗನಾಳಿಗೆ ತನ್ನವರು ಎಂದು ಸಿಕ್ಕಿದ್ದು ಈ ಹಂದಿಗಳೇ. ಅದನ್ನು ಅಮ್ಮನಿಗೆ ಹೇಗೆ ಹೇಳುವುದು?

ಕ್ಲಬ್ಬಿನ ಹಿರಿಯರು ಅಮೆರಿಕದಿಂದ ಒಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ಕರೆಸೋಣ ಎಂದರು. ಗಗನಾ ಒಪ್ಪಲಿಲ್ಲ.

"ಹೋದ ವರ್ಷ ನಮ್ಮ ಹುಡುಗ ಚೆಂಡು ಎಸೆಯೋ ಮೊದಲೇ ನೆಲದ ಮೇಲಿರ್ತಿದ್ದ. ಅಮೆರಿಕದವನನ್ನ ತಂದ್ರೂ ಹಾಗೇ ಬೀಳ್ತಾನೆ. ಮೊದಲು ಅವನ ಮುಂದೆ ಗಟ್ಟಿ ಜನ ನಿಲ್ಲಿಸೋಣ. ಆಮೇಲೆ ಉಳಿದದ್ದು."

ಊವೆ ಬಿಳಿ ಮೀಸೆ ತೀಡಿಕೊಂಡು, "ಹುಡುಗಿ ಹೇಳಿದ ಹಾಗೇ ಆಗಲಿ," ಎಂದ.

ಚಳಿಗಾಲದ ತಾಲೀಮು ಒಂದು ಶಾಲೆಯ ಹಾಲ್‌ನಲ್ಲಿ. ಮುಗಿದ ಮೇಲೆ ಬಸವ ಮತ್ತು ಗಗನಾ ಒಂದೇ ಎಸ್-ಬಾನ್ ರೈಲು ಹತ್ತುತ್ತಿದ್ದರು. ಅವನ ಮನೆ ಮುಂದಿನ ಊರು ಶ್ವಾಲ್ಬಾಖ್‌ನಲ್ಲಿ.

ಒಂದು ದಿನ ಅವಳು ಲ್ಯಾಪ್‌ಟಾಪ್ ತೆರೆದು ಕೂತಿದ್ದಾಗ ಬಸವ ಇಣುಕಿದ.

"ಮಾರ್ಕೋನ ಹೆಸರು ಯಾಕ ಕೆಂಪ ಮಾಡೀರಿ?"

"ತುಂಬಾ ಸ್ಲೋ ಆಗಿದಾನೆ. ಬಿಡಬೇಕು."

"ಅವನ ಹೆಂಡತಿ ಈಗ ಹಡದಾಳ್ರೀ. ಅಂವಗ ನಿದ್ದಿನೇ ಇಲ್ಲ. ಕೂಸು ನಿದ್ದಿ ಮಾಡಾಕ ಕಲೀಲಿ, ಇಂವ ಹೆಂಗ ಓಡ್ತಾನ ನೋಡ್ರಿ."

ಗಗನಾ ಅವನ ಮುಖ ನೋಡಿದಳು. ಇಷ್ಟು ದಿನ ಮಾರ್ಕೋನ ಓಟವನ್ನು ಅಳೆದಿದ್ದಳೇ ಹೊರತು, ಒಂದು ದಿನವೂ ಹೇಗಿದ್ದೀಯ ಎಂದು ಕೇಳಿರಲಿಲ್ಲ...

ಮಾರ್ಕೋ ಉಳಿದ. ಹೊಸ ವರ್ಷ ಬರುವಷ್ಟರಲ್ಲಿ ಮೊದಲಿನ ವೇಗಕ್ಕೆ ಬಂದ.

ಬಸವ ಅಷ್ಟಕ್ಕೇ ಸುಮ್ಮನಾಗಲಿಲ್ಲ. ತನ್ನ ಜಿಮ್‌ನಿಂದ ಒಬ್ಬ ಕಟುಕನನ್ನೂ ಒಬ್ಬ ಬಸ್ ಡ್ರೈವರನ್ನೂ ಎಳೆದು ತಂದ. ಕೊನೆಗೆ ತನ್ನ ಜೊತೆ ಮನೆ ಹಂಚಿಕೊಂಡಿದ್ದ ಬೆಂಗಳೂರಿನ ಶೈಲೇಶನನ್ನೂ ತಂದ. "ಗುರು, ನಾನು ಬಂದಿರೋದು ಬರೀ ಟೀಮ್ ಜಾಕೆಟ್ ಆಸೆಗೆ," ಎನ್ನುತ್ತಿದ್ದ ಶೈಲೇಶ ಓಡಲು ನಿಂತರೆ ಯಾರ ಕೈಗೂ ಸಿಗುತ್ತಿರಲಿಲ್ಲ!

ಕ್ವಾರ್ಟರ್‌ಬ್ಯಾಕ್‌ನ ಮುಂದೆ ಗೋಡೆ ಏಳುತ್ತಿತ್ತು. ಜೊತೆಗೆ ಗಗನಾಳ ಎದೆಯೊಳಗೂ ಏನೋ ಒಂದು...

ಜನವರಿಯ ಒಂದು ಸಂಜೆ ಊವೆ ಸಹಜವಾಗಿ ಕೇಳಿದ, "ಬಸವನ ಮಂಡಿಗೆ ಏಟಾದರೆ ಅವನ ಜಾಗಕ್ಕೆ ಯಾರು?"

"ಅವರಿಗೆ ಏನೂ ಆಗಲ್ಲ!"

ಎಷ್ಟು ಜೋರಾಗಿ ಹೇಳಿದಳೆಂದರೆ, ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಗಗನಾಳ ಕಿವಿ ಬಿಸಿಯಾಯಿತು.

'ಏನಾಯ್ತೇ ನಿನಗೆ?' ಎಂದು ದಾರಿಯುದ್ದಕ್ಕೂ ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಎಷ್ಟು ಬಗೆಯ ಪ್ಲಾನ್ ಮಾಡಿದರೂ ಎಲ್ಲದರ ನಡುವೆ ಅವನೇ ಇದ್ದ. ಅದು ಅವನ ಆಟ ನೋಡಿಯೋ, ನಗು ನೋಡಿಯೋ? ಅವಳಿಗೇ ತಿಳಿಯದಾಗಿತ್ತು. ಅವನ ಜಾಗಕ್ಕೆ ಆಸೆಪಟ್ಟ ಬೇರೆಯವರಿಗೆ ಇದರಿಂದ ಅನ್ಯಾಯವಾದರೆ?

ಮರುದಿನ ತಾಲೀಮಿನ ಹೊತ್ತಿಗೆ ಊವೆಯನ್ನು ಪಕ್ಕಕ್ಕೆ ಕರೆದಳು.

"ಬಸವ ಅವರನ್ನ ನನ್ನ ಪ್ಲಾನಿಂದ ತೆಗೆದುಬಿಡಿ. ಅವರ ವಿಷಯ ನೀವೇ ನಿರ್ಧಾರ ಮಾಡಿ."

"ಯಾಕೆ?"

ಅವಳ ಬದಲು ಕೆಂಪಾದ ಕೆನ್ನೆ ಮಾತಾಡಿತು. ಊವೆ ನಕ್ಕು, "ಸರಿ, ಯಾರಿಗೂ ಹೇಳಲ್ಲ," ಎಂದ.

ಹೇಳುವ ಅಗತ್ಯವೇ ಬೀಳಲಿಲ್ಲ. ಪಕ್ಕದ ಕೋಣೆಯಲ್ಲಿ ಶೂ ಕಟ್ಟುತ್ತಿದ್ದ ಶೈಲೇಶನ ಕಿವಿಗೆ ಮೊದಲಿನ ಮಾತಷ್ಟೇ ಬಿದ್ದಿತ್ತು!

"ಮಗಾ, ಬೇಜಾರ್ ಮಾಡ್ಕೋಬೇಡ. ಗಗನಾ ನಿನ್ನ ಪ್ಲಾನಿಂದ ತೆಗೆದವ್ರೆ. ನನ್ನ ಕಿವಿಯಾರೆ ಕೇಳ್ದೆ ಗುರು."

ಬಸವ ಬ್ಯಾಗ್ ಹೆಗಲಿಗೇರಿಸಿ ಹೊರಟ. ಅಂದು ಎಸ್-ಬಾನ್‌ನಲ್ಲಿ ಅವನು ಬೇರೆ ಬೋಗಿ ಹತ್ತಿದ.

'ನನ್ನಿಂದ ಏನು ತಪ್ಪಾಯ್ತು?' ಗಗನಾ ಕಿಟಕಿಯಲ್ಲಿ ತನ್ನದೇ ಮುಖ ನೋಡುತ್ತ ಕೂತಳು.

ಮುಂದಿನ ವಾರ ಬಸವನೇ ಎದುರು ಬಂದು ನಿಂತ. ಮುಖದಲ್ಲಿ ನಗು ಇರಲಿಲ್ಲ.

"ಹ್ಯಾನೋವರದಿಂದ ಫೋನ್ ಬಂದಿತ್ರೀ. ಮ್ಯಾಲಿನ ಲೀಗಿನ ಟೀಮು. ನಾ ಸ್ಲೆಡ್ ದೂಡೂ ವಿಡಿಯೋ ನೋಡ್ಯಾರಂತ. ನಮ್ಮ ಕಂಪನಿ ಆಫೀಸೂ ಅಲ್ಲೈತಿ, ಟ್ರಾನ್ಸ್‌ಫರ್ ಕೊಡ್ತೀವಿ ಅಂತಾರ." ಒಂದು ಕ್ಷಣ ತಡೆದು, "ಹೋಗ್ಲೇನ್ರಿ?" ಎಂದ.

ಅವಳು 'ಬೇಡ' ಎಂದಿದ್ದರೆ ಸಾಕಿತ್ತು. ಅವನು ಕೇಳಿದ್ದೂ ಅದಕ್ಕೇ.

ಗಗನಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇವನೊಬ್ಬ ಹೋದರೆ ಲೀಗಿಗೆ ಬೇಕಾದ ಆಟಗಾರರು ತುಂಬುವುದಿಲ್ಲ... ಕ್ಲಬ್ಬೇ ಮುಳುಗುತ್ತದೆ. ಆದರೆ ನನ್ನ ಸಂಕಟಕ್ಕಾಗಿ ಅವನ ಬೆಳವಣಿಗೆಗೆ ಅಡ್ಡ ನಿಲ್ಲಲೇ?

"ಒಳ್ಳೆ ಅವಕಾಶ ಕಣ್ರೀ," ಎಂದಳು. "ಹೋಗಿ."

"ಆತ್ರಿ," ಎಂದ ಬಸವ. ಅಷ್ಟೇ.

ಶನಿವಾರ ಊವೆಯ ಫೋನು ಬಂತು. "ಗಗನಾ, ಬಸವ ನಾಳಿದ್ದು ಹ್ಯಾನೋವರ್‌ಗೆ ಹೊರಟಿದ್ದಾನಂತೆ. ನಮ್ಮ ದೊಡ್ಡ ಹೆಲ್ಮೆಟ್ ಅವನ ಹತ್ತಿರ ಇದೆ. ಹೋಗಿ ತಗೊಂಡು ಬಾ."

"ನಾನೇ ಯಾಕೆ? ಶೈಲೇಶ್ ತರ್ತಾರಲ್ಲ."

"ಶೈಲೇಶನಿಗೆ ಭಾನುವಾರ ಬೇರೆ ಕೆಲಸ ಇದೆ." ಆ ಮುದುಕನ ದನಿಯಲ್ಲೇನೋ ತುಂಟತನವಿತ್ತು. ಗಗನಾ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

ಭಾನುವಾರ ಮಧ್ಯಾಹ್ನ. ಶ್ವಾಲ್ಬಾಖ್‌ನ ಆ ಕಟ್ಟಡದ ಮೆಟ್ಟಿಲು ಹತ್ತುವಾಗಲೇ ಸದ್ದು ಕೇಳಿತು. ಪಟ್... ಪಟ್... ಪಟ್ ಪಟ್ ಪಟ್!

ಬಸವನ ಬಾಗಿಲಲ್ಲಿ ಹಸಿರು ಸ್ವೆಟರಿನ ಅಜ್ಜಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಕೆಳಗಿನ ಮನೆಯ ಫ್ರೌ ಕೆಲರ್.

"ಪ್ರತಿ ಭಾನುವಾರ ಇದೇ! ಇದು ರೂಹೆಟ್ಸೈಟ್! ಸದ್ದು ಮಾಡಬಾರದ ಹೊತ್ತು! ಒಳಗೆ ಏನು ಕುಟ್ಟುತ್ತಿದ್ದಾನೆ ಈ ಮನುಷ್ಯ?"

ಬಾಗಿಲು ತೆರೆಯಿತು. ಮೊಣಕೈವರೆಗೆ ಜೋಳದ ಹಿಟ್ಟು ಮೆತ್ತಿಕೊಂಡ ಬಸವ ಪ್ರತ್ಯಕ್ಷನಾದ. ಅಜ್ಜಿಯನ್ನು ನೋಡಿ ಬೆದರಿದ. ಅವಳ ಹಿಂದಿದ್ದ ಗಗನಾಳನ್ನು ನೋಡಿ ಇನ್ನೂ ಬೆದರಿದ.

"ರೊಟ್ಟಿ ಬಡ್ಯಾಕತ್ತಿದ್ದೆರಿ..."

ಗಗನಾ ಜರ್ಮನ್‌ನಲ್ಲಿ ಅಜ್ಜಿಗೆ ವಿವರಿಸಿದಳು. ಕೈಯಿಂದ ಬಡಿದು ಮಾಡುವ ರೊಟ್ಟಿ, ಕುಟ್ಟುವುದಲ್ಲ ಎಂದಳು. ಬಸವ ಓಡಿಹೋಗಿ ಬಿಸಿ ರೊಟ್ಟಿಯೊಂದರ ಮೇಲೆ ಬೆಣ್ಣೆ ಇಟ್ಟು ತಂದುಕೊಟ್ಟ. ಫ್ರೌ ಕೆಲರ್ ಅನುಮಾನದಿಂದ ಒಂದು ತುಣುಕು ಮುರಿದು ಬಾಯಿಗಿಟ್ಟಳು. ಮತ್ತೊಂದು ತುಣುಕು ಮುರಿದಳು. ಅಲ್ಲಿಂದ ಕದಲಲಿಲ್ಲ.

"ಹೆಲ್ಮೆಟ್ ತಗೊಂಡು ಹೋಗೋಕೆ ಬಂದೆ," ಎಂದಳು ಗಗನಾ, ಗೋಡೆ ನೋಡುತ್ತ.

"ಒಯ್ರಿ. ಪ್ಲಾನಿಂದ ನನ್ನ ತಗದವರಿಗೆ ಹೆಲ್ಮೆಟ್ ಒಯ್ಯೂದೇನು ದೊಡ್ಡದು?"

ಅವಳು ಬೆಚ್ಚಿ ತಿರುಗಿದಳು. "ಏನಂದ್ರಿ?"

"ಶೈಲೇಶ ಹೇಳ್ಯಾನ್ರೀ. ಮಾರ್ಕೋನ ಇಟ್ಕೊಂಡ್ರಿ, ಎಲ್ಲಾರನೂ ಇಟ್ಕೊಂಡ್ರಿ... ನಾನೊಬ್ಬನೇ ಬ್ಯಾಡಾದ್ನಿ. ನನ್ನ ಆಟ ಚಲೋ ಇರಲಿಲ್ಲಂದ್ರ ಮುಖದ ಮ್ಯಾಲೆ ಹೇಳಬೇಕಿತ್ರಿ. ಕಲೀತಿದ್ನಿ."

ಅವನ ಕಣ್ಣು ತುಂಬಿತ್ತು! ಬಾಗಿಲಷ್ಟು ಅಗಲದ ಗಂಡಸು, ಕೈತುಂಬ ಹಿಟ್ಟು, ಕಣ್ಣೀರು ಒರೆಸಿಕೊಳ್ಳಲೂ ಆಗದೆ ನಿಂತಿದ್ದ.

"ಅದಕ್ಕೆ ಹ್ಯಾನೋವರ್‌ಗೆ ಹೊರಟ್ರಾ? ಅಷ್ಟಕ್ಕೇನಾ? ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ನೆಲ್ರೀ! ಹೋಗಿ ಅಂದ್ರಿ!"

"ಅಂದೆ! ನೀವು ಹೋಗೋಕೆ ಆಸೆಪಟ್ಟಿದೀರಿ ಅಂದ್ಕೊಂಡೆ!"

ಇಬ್ಬರ ದನಿಯೂ ಏರಿತು. ನಡುವೆ ನಿಂತ ಫ್ರೌ ಕೆಲರ್ ರೊಟ್ಟಿ ಅಗಿಯುವುದು ನಿಲ್ಲಿಸಿದಳು.

"ಯಾಕೆ ಜಗಳ? ಹುಡುಗಿ, ಇವನು ನಿನಗೇನಾದರೂ ಕೆಟ್ಟದ್ದು ಮಾಡಿದನೇ?"

"ಇಲ್ಲ," ಎಂದಳು ಗಗನಾ. ಆಮೇಲೆ, ಕಟ್ಟೆ ಒಡೆದ ಹಾಗೆ, ಜರ್ಮನ್‌ನಲ್ಲೇ ಹೇಳಿಬಿಟ್ಟಳು. "ನಾನು ತಂಡಕ್ಕೆ ಆಟಗಾರರನ್ನು ಆರಿಸುವವಳು. ಆದರೆ ಇವನನ್ನು ನಾನು ಪ್ರೀತಿಸುತ್ತೇನೆ. ಪ್ರೀತಿಸುವವನನ್ನು ನ್ಯಾಯವಾಗಿ ತೂಗುವುದು ಹೇಗೆ? ಅದಕ್ಕೆ ನನ್ನ ಪ್ಲಾನಿನಿಂದ ತೆಗೆದು, ಕೋಚಿನ ಕೈಗೆ ಕೊಟ್ಟೆ."

ಫ್ರೌ ಕೆಲರ್ ನಿಧಾನವಾಗಿ ಬಸವನ ಕಡೆ ತಿರುಗಿದಳು. "ಕೇಳಿಸಿತೇ? ಅಥವಾ ನಿನಗೆ ಜರ್ಮನ್ ಬರುವುದಿಲ್ಲವೇ?"

ಬರುತ್ತಿತ್ತು. ಅವನ ಮುಖವೇ ಹೇಳುತ್ತಿತ್ತು. ಕಿವಿ ಕೆಂಪಾಗಿ, ಬಾಯಿ ಅರ್ಧ ತೆರೆದು, ಅವನು ಗಗನಾಳನ್ನೇ ನೋಡುತ್ತಿದ್ದ.

"ಅಜ್ಜಿ ಮುಂದ ಹೇಳಿದ್ರಿ," ಎಂದ ಮೆಲ್ಲಗೆ. "ನನ್ನ ಮುಂದ ಕನ್ನಡದಾಗ ಹೇಳ್ರೆಲಾ."

"ಹೇಳಲ್ಲ. ಮೊದಲು ನೀವು."

ಬಸವ ಹಿಟ್ಟಿನ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ, ಶಾಲೆಯಲ್ಲಿ ಪಾಠ ಒಪ್ಪಿಸುವವನಂತೆ.

"ನಂಗ ನೀವಂದ್ರ ಭಾಳ ಜೀವ ಐತ್ರಿ. ಬ್ಯಾರೆ ಬೋಗಿ ಹತ್ತಿದ ದಿನ, ಮುಂದಿನ ಸ್ಟೇಷನ್‌ದಾಗ ಇಳದು ನಿಮ್ಮ ಬೋಗಿಗೆ ಬರಬೇಕಂತ ಎದ್ದು ನಿಂತಿದ್ನಿ. ಕಾಲು ಬರಲಿಲ್ಲ."

ಗಗನಾಳ ಕಣ್ಣಿಂದ ನೀರು ಇಳಿಯಿತು, ಜೊತೆಗೇ ನಗುವೂ ಬಂತು. "ನನಗೂ ಅಷ್ಟೇ... ನೀವಂದ್ರೆ ಪ್ರಾಣ."

ಫ್ರೌ ಕೆಲರ್‌ಗೆ ಒಂದು ಪದವೂ ತಿಳಿಯಲಿಲ್ಲ, ಎಲ್ಲವೂ ತಿಳಿಯಿತು. ಉಳಿದ ರೊಟ್ಟಿಯನ್ನು ಕೈಯಲ್ಲಿ ಹಿಡಿದು, "ಇವತ್ತೊಂದು ದಿನ ಬಡಿಯಿರಿ," ಎಂದು ಮೆಟ್ಟಿಲು ಇಳಿದಳು.

ಬಸವನ ಕೈ ಹಿಟ್ಟಾಗಿದ್ದರಿಂದ ಗಗನಾಳೇ ಅವನ ಫೋನಿನಿಂದ ಊವೆಗೆ ಕರೆ ಮಾಡಿ, ಸ್ಪೀಕರ್ ಹಾಕಿ ಅವನ ಮುಂದೆ ಹಿಡಿದಳು.

"ಕೋಚ್, ನಾ ಹ್ಯಾನೋವರ್‌ಗೆ ಹೋಗೂದಿಲ್ಲ," ಎಂದ ಅವನು ತನ್ನ ಮುರುಕು ಜರ್ಮನ್‌ನಲ್ಲಿ. "ನನ್ನ ಹೆಸರು ಬರೀರಿ."

"ಅವಳು ಬಿಟ್ಟುಕೊಟ್ಟ ದಿನವೇ ಬರೆದಾಯಿತು," ಎಂದ ಊವೆ. "ನಿನ್ನಂಥ ಆಟಗಾರನನ್ನು ಬಿಡಲು ನನಗೇನು ಹುಚ್ಚೇ? ಹೆಲ್ಮೆಟ್ ಸಿಕ್ಕಿತೇ?"

ಇಬ್ಬರೂ ಮುಖ ಮುಖ ನೋಡಿಕೊಂಡು ಜೋರಾಗಿ ನಕ್ಕರು. ಫೋನಿನಾಚೆ ಊವೆ ಬಿದ್ದು ಬಿದ್ದು ನಗುತ್ತಿದ್ದ.

ಅಡುಗೆಮನೆಯಲ್ಲಿ ಎಣ್ಣೆಗಾಯಿ ಘಮಘಮಿಸುತ್ತಿತ್ತು. ಬಸವ ಅವಳಿಗೊಂದು ಕುರ್ಚಿ ಎಳೆದುಕೊಟ್ಟ.

"ಒಂದು ವಿಷಯ," ಎಂದಳು ಗಗನಾ. "ಇನ್ನು ಮುಂದೆ ಈ ರೀ, ನೀವು ಎಲ್ಲ ಬೇಡ. ನೀನು ಅನ್ನಬೇಕು."

"ಅಯ್ಯ, ಅದು ನಾಲಿಗಿಗೆ ಬರಂಗಿಲ್ರೀ..."

"ಬರುತ್ತೆ. ಅನ್ನಿ ನೋಡೋಣ."

ಬಸವ ಉಸಿರು ಎಳೆದುಕೊಂಡ. ಎದುರು ಎಂಥ ಆಳು ನಿಂತರೂ ಹಿಂಜರಿಯದವನು ಈಗ ನಾಚಿ ನೀರಾದ.

"ಗಗನಾ... ರೊಟ್ಟಿ ಆರ್ತೈತಿ. ಊಟಕ್ಕ ಬಾ..."

ಅವಳು ಕಾದಳು. ಅವನು ತುಟಿ ಕಚ್ಚಿಕೊಂಡು ತಡೆದ, ತಡೆದ... ತಡೆಯಲಾಗಲಿಲ್ಲ.

"...ರೀ."

"ಬಂದೆ ಕಣೋ," ಎಂದಳು ಗಗನಾ, ಅವನ ಕೆನ್ನೆಯ ಹಿಟ್ಟು ಒರೆಸುತ್ತ.