ಮೋರೇರ ಗುಡ್ಡದ ಭಾನುವಾರ

ಕೊಪ್ಪಳದ ಪಿ.ಜಿ. ಸೆಂಟರಿನಲ್ಲಿ ಮೊದಲ ದಿನ ನಾನು ಪಂಪಾಪತಿಯನ್ನು ಮೇಷ್ಟ್ರು ಎಂದುಕೊಂಡೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ದಪ್ಪ ಪುಸ್ತಕ. ದಿಗಿಲಾಗಿ ಎದ್ದು ನಿಂತೆ.

"ನಮಸ್ಕಾರ್ರಿ ಸರ್. ಬಸ್ ಲೇಟ್ ಆತ್ರಿ."

"ಹೆಸರೇನು?"

"ಹೊಳಿಯಮ್ಮರಿ. ಕಾರಟಗಿ ಕಡೆಯಾಕಿ."

"ನಾಳಿಂದ ಲೇಟ್ ಆಗಬಾರದು," ಎಂದವನು ಸೀದಾ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತ. ಕ್ಲಾಸೆಲ್ಲ ನಕ್ಕಿತು. ಉರಿದುಕೊಂಡು ತಿರುಗಿ ನೋಡಿದೆ. ಅವನೊಬ್ಬನೇ ನಗುತ್ತಿರಲಿಲ್ಲ. ತುಟಿ ಕಚ್ಚಿ ಹಿಡಿದಿದ್ದ, ಕಣ್ಣು ಮಾತ್ರ ಕುಣಿಯುತ್ತಿದ್ದವು.

ಇತಿಹಾಸ ಎಂ.ಎ. ಅಂದರೆ ನಮ್ಮೂರಿನವರಿಗೆ ಮದುವೆ ಮುಂದೂಡುವ ನೆಪ. ಭತ್ತದ ನಾಟಿಗೆ ಹೋದಲ್ಲೆಲ್ಲ ಅವ್ವನನ್ನು ಕೇಳುತ್ತಿದ್ದರು: "ನಿನ್ನ ಮಗಳದು ಇನ್ನೂ ಎಷ್ಟನೇ ಕ್ಲಾಸವ್ವ?" ನನಗೂ ಉತ್ತರ ಗೊತ್ತಿರಲಿಲ್ಲ. ಹಾಸ್ಟೆಲಿನ ತಿಳಿ ಸಾರು, ನೆಟ್ ಪರೀಕ್ಷೆಯ ಭಯ, ಓದಿ ಏನಾಗುತ್ತೇನೆ ಎಂಬ ಕೊರೆತ. ಇವುಗಳ ನಡುವೆ ಲೈಬ್ರರಿಯಲ್ಲಿ ಎದುರಿಗೆ ಕೂತು, ನನಗೆ ತೂಕಡಿಕೆ ಬಂದರೆ ಪೆನ್ನಿನಿಂದ ಮೇಜು ಕುಟ್ಟುವ ಪಂಪಾಪತಿ.

ಗಂಗಾವತಿಯವನು. ಅವನಪ್ಪ ಎಡದಂಡೆ ಕಾಲುವೆಯ ಗೇಟು ನೋಡಿಕೊಳ್ಳುತ್ತಿದ್ದರು. ಮಗನಿಗೆ ಮಾತ್ರ ಹಿರೇಬೆಣಕಲ್ಲಿನ ಮೋರೇರ ಗುಡ್ಡದ ಹುಚ್ಚು. ಸಾವಿರಾರು ವರ್ಷದ ಹಿಂದಿನವರು ಸತ್ತವರಿಗಾಗಿ ಚಪ್ಪಡಿ ನಿಲ್ಲಿಸಿ ಕಟ್ಟಿದ ಕಲ್ಲಿನ ಮನೆಗಳು ಅಲ್ಲಿವೆ. ಅದರ ಮೇಲೆಯೇ ಪಿಎಚ್.ಡಿ. ಮಾಡುತ್ತೇನೆ ಅನ್ನುತ್ತಿದ್ದ. ಕ್ಲಾಸಿನವರೆಲ್ಲ ಗುಡ್ಡಕ್ಕೆ ಹೋದಾಗ ಗಿಡ್ಡ ಬಾಗಿಲಿನ ಒಂದು ಕಲ್ಲುಮನೆಯ ಮುಂದೆ ನನ್ನನ್ನು ನಿಲ್ಲಿಸಿದ.

"ಇಲ್ಲಿ ಕುಳ್ಳ ಮಂದಿ ಇದ್ದರಂತ ಊರವರು ಹೇಳ್ತಾರ. ನಿನ್ನ ನೋಡಿದ್ರ ಖರೇ ಅನ್ನಿಸ್ತೈತಿ."

"ನಿನಗ ಬಾಗಿ ಬರಾಕ ಆಗಂಗಿಲ್ಲ ಬಿಡು."

"ನೀ ಒಳಗ ಇದ್ರ ಬಾಗ್ತೀನಿ."

ಅಂದವನೇ ಬೇರೆ ಕಡೆ ನೋಡಿದ. ಕಿವಿ ಕೆಂಪಾಗಿದ್ದವು. ಅವತ್ತು ಇಬ್ಬರೂ ಮುಂದಿನ ಮಾತು ಆಡಲಿಲ್ಲ. ಓದು ಮುಗಿಯಲಿ, ಅವಸರವೇನು ಅಂದುಕೊಂಡೆವು.

ಕೊನೆಯ ಸೆಮಿಸ್ಟರಿನಲ್ಲಿ ಅವನಪ್ಪ ಕಾಲುವೆಯ ದಂಡೆಯ ಮೇಲೆಯೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ನಾನು ಮಾತಾಡಿಸಲು ಹೋದಾಗ ಪಂಪಾಪತಿ ಬೋಳಿಸಿದ ತಲೆಯಲ್ಲಿ ಗೋಡೆಗೆ ಒರಗಿದ್ದ. ಅವನ ತಂಗಿ ಸುಕನ್ಯಾ ನನ್ನ ಕೈಗೆ ಚಹಾ ಕೊಟ್ಟು, ಅಣ್ಣನಿಗೆ ಕೇಳದಂತೆ ಪಿಸುಗುಟ್ಟಿದಳು: "ಅಕ್ಕಾ, ಅಣ್ಣ ಅನ್ನ ಬಿಟ್ಟಾನ. ನೀ ಹೇಳಿದ್ರ ಕೇಳ್ತಾನ." ಹೇಳಿದೆ. ಎರಡು ತುತ್ತು ತಿಂದ.

ಪರೀಕ್ಷೆ ಬರೆದ ಮೇಲೆ ಅಪ್ಪನ ಬದಲಿಗೆ ಮಗನಿಗೆ ನೌಕರಿ ಬಂತು, ಕುಷ್ಟಗಿಯಲ್ಲಿ. ನನಗೆ ಪಿಎಚ್.ಡಿ. ಸೀಟು ಸಿಕ್ಕಿತು.

"ಗುಡ್ಡಾನ ನೀನ ತಗೋ," ಎಂದ ಫೋನಿನಲ್ಲಿ. "ಆಫೀಸಿನ ಫೈಲ್ ನಾ ನೋಡ್ತೀನಿ. ಕಲ್ಲು ನೀ ನೋಡು."

ನಗಲೆಂದು ಹೇಳಿದ್ದ. ನಗು ಬರಲಿಲ್ಲ. ಗುಡ್ಡವನ್ನೇ ನನ್ನ ವಿಷಯವಾಗಿ ತೆಗೆದುಕೊಂಡೆ.

ಮರುವರ್ಷ ಒಂದು ಮಧ್ಯಾಹ್ನ ಮತ್ತೆ ಫೋನ್ ಮಾಡಿದ.

"ಸುಕನ್ಯಾನ ಮದುವಿ ಗೊತ್ತಾತು. ಸೋದರಮಾವನ ಮಗ."

"ಛಲೋ ಆತು."

"ನಂದೂ ಗೊತ್ತಾತು."

ಮಾವ ಒಂದೇ ಮಾತು ಹೇಳಿದ್ದನಂತೆ: ನಿಮ್ಮ ಹುಡುಗಿಯನ್ನು ತರುತ್ತೇವೆ, ನಮ್ಮ ಹುಡುಗಿಯನ್ನು ನೀವು ಮಾಡಿಕೊಳ್ಳಬೇಕು. ಒಂದು ಮುರಿದರೆ ಎರಡೂ ಮುರಿದಂತೆ.

"ಒಂದು ಸಲ ಗುಡ್ಡಕ್ಕ ಬರ್ತೀನಿ ಹೊಳಿಯಮ್ಮ. ಅಳತಿಗೆ ಟೇಪ್ ಹಿಡೀತೀನಿ."

ಬೇಡ ಅನ್ನಲು ಬಾಯಿ ಬರಲಿಲ್ಲ.

ಭಾನುವಾರ ಬಿಸಿಲೇರುವ ಮೊದಲೇ ಹತ್ತಿದೆವು. ಅವನು ಟೇಪ್ ಹಿಡಿದು ಅಳತೆ ಹೇಳುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಕೆಳಗೆ ಗದ್ದೆಗಳು ಹಸಿರಾಗಿದ್ದವು. ಒಂದು ಚಪ್ಪಡಿಯ ಉದ್ದ ಹೇಳಿದವನು ಟೇಪ್ ಕೆಳಗಿಟ್ಟ.

"ಅಗಲ?"

ತಲೆಯೆತ್ತಿದೆ. ಅವನು ಕಲ್ಲನ್ನು ನೋಡುತ್ತಿರಲಿಲ್ಲ.

"ನಾ ನಿನ್ನ ಕೇಳಬೇಕಿತ್ತು."

"ಕೇಳಬೇಕಿತ್ತು."

"ಕೇಳಿದ್ರ ಏನಂತಿದ್ದಿ?"

"ಹೂಂ ಅಂತಿದ್ದೆ. ಮೊದಲನೇ ವರ್ಷ ಕೇಳಿದ್ರೂ ಹೂಂ ಅಂತಿದ್ದೆ."

ಅವನು ಒಂದು ಹೆಜ್ಜೆ ಹತ್ತಿರ ಬಂದ. "ಈಗರ ಹೇಳು. ಇವತ್ತ ಮನಿಗೆ ಹೋಗಿ ಬ್ಯಾಡ ಅಂತೀನಿ. ಯಾರು ಏನರ ಅನ್ಲಿ."

ಎಷ್ಟು ಆಸೆಯಾಯಿತು! ಒಂದೇ ಅಕ್ಷರ, ಬಾಯಿ ತೆರೆದರೆ ಸಾಕು. ಆದರೆ ಚಹಾದ ಲೋಟ ಹಿಡಿದ ಆ ಹುಡುಗಿಯ ಮುಖ ಕಣ್ಣಿಗೆ ಕಟ್ಟಿತು.

"ಸುಕನ್ಯಾಗ ಆ ಹುಡುಗ ಮನಸ್ಸಿಗೆ ಬಂದಾನೇನು?"

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಭಾಳ. ಸಾಲಿಗೆ ಹೋಗೋವಾಗಿಂದ."

ಬಿಸಿಲು ನೆತ್ತಿಗೆ ಬರುತ್ತಿತ್ತು. ನಾನು ಪೆನ್ನನ್ನು ಬಿಗಿಯಾಗಿ ಹಿಡಿದೆ.

"ಅಗಲ ಎಷ್ಟು, ಪಂಪಾಪತಿ?"

ಅವನು ಟೇಪ್ ಎತ್ತಿಕೊಂಡು, ಬಾಗಿ, ಅಳೆದು, ಹೇಳಿದ. ನಾನು ಬರೆದುಕೊಂಡೆ. ಅಕ್ಷರ ಕಾಣುತ್ತಿರಲಿಲ್ಲ.

ಇಳಿಯುವಾಗ ಕಲ್ಲು ಜಾರುತ್ತವೆಂದು ಕೈ ಕೊಟ್ಟ. ಅಷ್ಟು ದಿನದ ಗೆಳೆತನದಲ್ಲಿ ನಾನು ಅವನ ಕೈ ಹಿಡಿದದ್ದು ಅದೇ ಮೊದಲು. ಗುಡ್ಡ ಮುಗಿಯಿತು, ಸಮ ದಾರಿ ಬಂತು. ಅವನು ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ. ರಸ್ತೆಯಲ್ಲಿ ಗಂಗಾವತಿ ಬಸ್ಸು ಹಾರ್ನ್ ಹಾಕಿತು.

"ಬಸ್ ಬಂತು. ಹೋಗು," ಎಂದೆ. ಒಂದೊಂದೇ ಬೆರಳು ಬಿಡಿಸಿ ನನ್ನ ಕೈ ಹಿಂದಕ್ಕೆ ತೆಗೆದುಕೊಂಡೆ.