ಮುಳ್ಳೆತ್ತುವ ತನಕ

ಮೂರು ವರ್ಷದಿಂದ ಯಾರ ಮುಖ ಕಾಣಬಾರದೆಂದು ಚಿಗುಸಾ ದಾರಿ ಬದಲಿಸಿ ಓಡಾಡಿದ್ದಳೋ, ಅವನೇ ಕಾಫಿ ಅಂಗಡಿಯ ಬಾಗಿಲು ತಳ್ಳಿಕೊಂಡು ಒಳಗೆ ಬಂದ.

ಮೂಗು ಬಾಯಿಗೆ ಬಿಳಿ ಮಾಸ್ಕು. ಮಾರ್ಚ್ ಬಂತೆಂದರೆ ಮರಗಳ ಪರಾಗಕ್ಕೆ ಹೆದರಿ ಒಸಾಕಾದ ಅರ್ಧ ಊರೇ ಹಾಗೆ ತಿರುಗುತ್ತದೆ. ಹಾಗಾಗಿ ಯಾರೂ ತಲೆಯೆತ್ತಿ ನೋಡಲಿಲ್ಲ. ಆದರೆ ಚಿಗುಸಾಗೆ ಮುಖ ಕಾಣಬೇಕಿರಲಿಲ್ಲ. ಬಂದವನು ಸದ್ದಾಗದಂತೆ ಅಂಚಿಗೆ ಬೆರಳು ಕೊಟ್ಟು ಬಾಗಿಲು ಮುಚ್ಚಿದ ರೀತಿಯೇ ಸಾಕಾಯಿತು.

ಇತ್ಸುಕಿ!

ಅವಳ ಕೈಯಲ್ಲಿದ್ದ ಕಾಫಿ ತುಳುಕಿ ಸಾಸರಿಗೆ ಬಿತ್ತು. 'ಇವನಿಗೆ ಇಲ್ಲೇನು ಕೆಲಸ? ಅದೂ ಇವತ್ತು...'

ಇವತ್ತು ತಿಂಗಳ ಕೊನೆಯ ಭಾನುವಾರ. 'ಶಿಗುರೆ' ಎಂಬ ಈ ಪುಟ್ಟ ಅಂಗಡಿಯಲ್ಲಿ ಹಾಡಿನ ಹುಚ್ಚಿನವರೆಲ್ಲ ಮಧ್ಯಾಹ್ನ ಸೇರಿ ಒಬ್ಬ ಸಂಗೀತಗಾರನನ್ನು ಕಟಕಟೆ ಹತ್ತಿಸುವ ದಿನ. ಇವನಿಗೆ ಸಿಗುತ್ತಿರುವ ಹೊಗಳಿಕೆ ತಕ್ಕದ್ದೋ, ಬರೀ ಗಾಳಿ ಮಾತೋ? ಕುಡಿದದ್ದು ಒಂದು ಕಪ್ ಕಾಫಿಯಾದರೂ ಜಗಳ ಸಂಜೆಯವರೆಗೆ ಸಾಗುತ್ತದೆ. ಇವತ್ತಿನ ಆರೋಪಿ ಅವಯುಕಿ. ಯಂತ್ರಗಳಲ್ಲೇ ಹಾಡು ಕಟ್ಟುವವನು, ತಲೆಗೆ ಬಿಳಿ ಬಟ್ಟೆ ಸುತ್ತಿಕೊಂಡೇ ವೇದಿಕೆ ಹತ್ತುವವನು. ಅವನ 'ಫೆಬ್ರವರಿ' ಕೇಳದ ಕಿವಿಯಿಲ್ಲ, ಅವನ ಮುಖ ಕಂಡ ಕಣ್ಣಿಲ್ಲ.

ಆ ಬಿಳಿ ಬಟ್ಟೆಯ ಹಿಂದಿನ ಮನುಷ್ಯ ಈಗ ಮೂಲೆಯ ಸ್ಟೂಲಿನಲ್ಲಿ ಕೂತು ಬಿಸಿ ಹಾಲು ಹೇಳುತ್ತಿದ್ದಾನೆ ಎಂಬುದು ಅಲ್ಲಿ ಗೊತ್ತಿದ್ದದ್ದು ಚಿಗುಸಾ ಒಬ್ಬಳಿಗೇ.

ಎದ್ದು ಹೋಗಬಹುದಿತ್ತು. ಹೋಗಲಿಲ್ಲ. 'ಕೂತು ಕೇಳಲಿ. ಪೂರ್ತಿ ಕೇಳಿಸಿಕೊಂಡೇ ಹೋಗಲಿ.' ಅವಯುಕಿಯನ್ನು ಹಿಂಡಿ ಹಿಪ್ಪೆ ಮಾಡಲೆಂದೇ ಅವಳು ಬಂದಿದ್ದಳು. ಆ ಅಂಗಡಿಯಲ್ಲಿ ಅವನನ್ನು ಅವಳಷ್ಟು ಬೈದವರು ಬೇರೊಬ್ಬರಿರಲಿಲ್ಲ. ಯಾಕೆ ಬೈಯುತ್ತಾಳೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಎಲ್ಲರೂ ಮಾಸ್ಟರ್ ಎಂದೇ ಕರೆಯುವ ಅಂಗಡಿಯ ಯಜಮಾನ ಚಹಾ ಡಬ್ಬಿ ತಂದು ಮೇಜಿನ ಮೇಲಿಟ್ಟ. ಅಲ್ಲಿ ನಿಮಗೆ ಏನನ್ನಿಸುತ್ತದೆ ಎನ್ನುವುದಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಡಬ್ಬಿಯಿಂದ ಎಳೆದ ಕಡ್ಡಿಯ ತುದಿ ಕೆಂಪಗಿದ್ದರೆ ಆರೋಪಿಯ ಪರ ಮಾತಾಡಬೇಕು, ಕರಿ ತುದಿಯಾದರೆ ವಿರೋಧ. ತನಗಾಗದವನ ಪರ ನಿಂತು ಗೆದ್ದವನೇ ನಿಜವಾದ ಅಭಿಮಾನಿ ಎಂಬುದು ಮಾಸ್ಟರ್ ಕಟ್ಟಿದ ಕಾನೂನು. ವಾದ ಮುಗಿದ ಮೇಲೆ ಪರ ನಿಂತವರು ಅವನದೊಂದು ರೆಕಾರ್ಡು ಹಾಕಬೇಕು. ಅವರೇ ರೆಕಾರ್ಡಿನ ಮೇಲಿಂದ ಮುಳ್ಳು ಎತ್ತುವ ತನಕ ಉಳಿದವರು ತುಟಿ ಬಿಚ್ಚುವಂತಿಲ್ಲ.

ಕ್ಷೌರದಂಗಡಿಯ ಕುಮೆಸಾನ್‌ಗೆ ಕರಿ ತುದಿ ಬಂತು. ಉಳಿದವರದು ಬಣ್ಣವಿಲ್ಲದ ಬರೀ ಕಡ್ಡಿ, ಅವರು ಕೇಳಿದರಾಯಿತು. ಕೊನೆಗೆ ಚಿಗುಸಾ ಎಳೆದಳು.

ಕೆಂಪು.

ಅಂಗಡಿಯೇ ಹಾರಿಹೋಗುವಂತೆ ಎಲ್ಲರೂ ನಕ್ಕರು. ಬೆಕ್ಕಿಗೆ ಹಾಲಿನ ಕಾವಲು ಕೊಟ್ಟಂತಾಯಿತಲ್ಲ ಎಂದು ಯಾರೋ ಛೇಡಿಸಿದರು. ಮೂಲೆಯಲ್ಲಿದ್ದವನು ನಗಲಿಲ್ಲ. ಹಾಲಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಲೆ ತಗ್ಗಿಸಿದ.

ಮೊದಲು ಕುಮೆಸಾನ್ ಎದ್ದರು. ನಲವತ್ತು ವರ್ಷ ಕತ್ತರಿ ಹಿಡಿದ ಕೈ, ಅದಕ್ಕಿಂತ ಹರಿತವಾದ ನಾಲಿಗೆ.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ ಕಣ್ರಪ್ಪಾ ನೀವು. ಗುಂಡಿ ಒತ್ತಿ ಕೈ ಮೇಲೆತ್ತಿದ್ರೆ ಸಂಗೀತಾನಾ? ಹಾಗಿದ್ರೆ ನಮ್ಮನೆ ವಾಷಿಂಗ್ ಮೆಷಿನ್ನೂ ದೊಡ್ಡ ಕಲಾವಿದನೇ."

'ಫೆಬ್ರವರಿ'ಯಲ್ಲಿ ಇರುವುದಾದರೂ ಏನು ಎಂದು ಕೇಳಿದರು. ಯಾರದೋ ಉಸಿರು, ಅದರ ಮೇಲೊಂದು ಡೋಲು. ಜನ ಅದಕ್ಕೆ ಕಣ್ಣೀರಿಡುತ್ತಾರಂತೆ. ಹೋಗಲಿ ಎಂದು ರೆಕಾರ್ಡು ಕೊಂಡರೆ ಅದೂ ಕೆಟ್ಟದ್ದು! ಹಾಡು ಮುಗಿದರೂ ಮುಳ್ಳು ಕೊನೆಯಲ್ಲಿ ಸಿಕ್ಕಿಕೊಂಡು ಗರಗರ ಅನ್ನುತ್ತದೆ. ಕೊಂಡವರಲ್ಲಿ ಎಷ್ಟೋ ಜನ ಅಂಗಡಿಗೆ ಹಿಂದಿರುಗಿಸಿದ್ದಾರೆ, ಬೇಕಿದ್ದರೆ ಚಿಗುಸಾಳನ್ನೇ ಕೇಳಿ ಎಂದು ಕೂತರು.

ನಿಜ. ಉಮೆದಾ ಬಡಾವಣೆಯ ರೆಕಾರ್ಡ್ ಅಂಗಡಿಯಲ್ಲಿ ಚಿಗುಸಾಳದು ಅದೇ ಕೆಲಸ. ಹಿಂದಿರುಗಿ ಬಂದ 'ಫೆಬ್ರವರಿ'ಗಳನ್ನು ಪೆಟ್ಟಿಗೆಗೆ ತುಂಬಿ, ಕೆಟ್ಟಿದೆ ಎಂದು ಚೀಟಿ ಅಂಟಿಸಿ ಕಂಪನಿಗೆ ಕಳಿಸಿದ್ದು ಅವಳೇ. ಒಂದನ್ನೂ ಹಾಕಿ ಕೇಳಿರಲಿಲ್ಲ. ಆ ಹಾಡು ಬೀದಿಯಲ್ಲಿ ಕಿವಿಗೆ ಬಿದ್ದರೇ ಅವಳು ಕಿವಿ ಮುಚ್ಚಿಕೊಂಡು ದಾಟಿ ಹೋಗುತ್ತಿದ್ದಳು.

ಯಾಕೆಂದು ನಾವು ಈಗ ತಿಳಿದುಕೊಳ್ಳಬೇಕು.

ಚಿಗುಸಾಳ ಅಪ್ಪ ಬಂದರಿನ ಕಡೆ ಒಂದು ಹಳೆಯ ಸಾರ್ವಜನಿಕ ಸ್ನಾನಗೃಹ ನಡೆಸುತ್ತಿದ್ದರು. ಒಂದು ದಿನ ರೆಕಾರ್ಡರ್ ಹಿಡಿದ ತೆಳ್ಳನೆಯ ಹುಡುಗನೊಬ್ಬ ಬಂದು, ಖಾಲಿ ಕೋಣೆಯಲ್ಲಿ ಮರದ ಬಕೆಟ್ ಇಟ್ಟರೆ ಬರುವ ಸದ್ದು ಬೇಕಿತ್ತು ಎಂದ. "ಊರವರು ಮೈ ತೊಳ್ಯೋಕೆ ಬರ್ತಾರೆ, ನೀನು ಕಿವಿ ತೊಳ್ಯೋಕೆ ಬಂದ್ಯಲ್ಲೋ" ಎಂದು ಅಪ್ಪ ನಕ್ಕು, ತಾವೇ ಬಕೆಟ್ ಎತ್ತಿ ಇಟ್ಟು ತೋರಿಸಿದರು. ಆ ಹುಡುಗ ಇತ್ಸುಕಿ. ಮಗಳಿಗಿಂತ ಮೊದಲು ಅವನನ್ನು ಮೆಚ್ಚಿದವರು ಅಪ್ಪ. ಮಗಳು ಆಮೇಲೆ ಮೆಚ್ಚಿದಳು, ಆದರೆ ಅಪ್ಪನಿಗಿಂತ ಹೆಚ್ಚಾಗಿ.

ಆಮೇಲೆ ಅಪ್ಪನ ಶ್ವಾಸಕೋಶ ಕೈಕೊಟ್ಟಿತು. ಸ್ನಾನಗೃಹದ ಮೇಲಿನ ಕೋಣೆಯಲ್ಲಿ ಆಮ್ಲಜನಕದ ಯಂತ್ರ ಗುಳುಗುಳು ಎನ್ನುತ್ತಿತ್ತು. ಚಿಗುಸಾ ನಾಲ್ಕು ರಾತ್ರಿ ಕಣ್ಣು ಮುಚ್ಚದೆ, ಒಣಗಿದ ಆ ತುಟಿಗಳಿಗೆ ಒದ್ದೆ ಹತ್ತಿ ಒತ್ತುತ್ತ ಕೂತಳು. ಐದನೆಯ ರಾತ್ರಿ ಇತ್ಸುಕಿ ಜೊತೆಗಿದ್ದ. ಕೂತಲ್ಲೇ ಅವಳಿಗೆ ನಿದ್ದೆ ಬಂದುಬಿಟ್ಟಿತು. ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಅಪ್ಪ ಇರಲಿಲ್ಲ.

"ಯಾಕೆ ಎಬ್ಬಿಸ್ಲಿಲ್ಲ?"

ಅಂದು ಕೇಳಿದಳು. ಚಿತಾಗಾರದಲ್ಲಿ ಕೇಳಿದಳು. ನಲವತ್ತೊಂಬತ್ತನೆಯ ದಿನದ ಪೂಜೆ ಮುಗಿಸಿ ಬರುವಾಗಲೂ ಕೇಳಿದಳು. ಅವನು ಪ್ರತಿ ಸಲವೂ ನೆಲ ನೋಡಿದ.

ಆ ಬೇಸಿಗೆಯಲ್ಲಿ ಮಾರ್ಕೆಟ್ಟಿನ ಉಪ್ಪಿನಕಾಯಿ ಅಂಗಡಿಯ ಮುಂದೆ ನಿಂತಿದ್ದಾಗ ಮೇಲಿನ ಸ್ಪೀಕರಿನಲ್ಲಿ ಆ ಹಾಡು ಬಂತು. ಏರಿ ಇಳಿಯುವ ಉಸಿರು, ಅದರ ಅಡಿಯಲ್ಲಿ ಗುಳುಗುಳು... ಆ ಕೋಣೆ! ಆ ರಾತ್ರಿ! ಹೆಸರು ಬೇರೆ 'ಫೆಬ್ರವರಿ'. ಅಪ್ಪ ಹೋದ ತಿಂಗಳು! ಇವನು ತನ್ನನ್ನು ಎಬ್ಬಿಸದೆ ರೆಕಾರ್ಡರ್ ಹಿಡಿದು ಕೂತಿದ್ದನೇ?

ಅವತ್ತೇ ಅವನ ಸಾಮಾನನ್ನೆಲ್ಲ ಚೀಲಕ್ಕೆ ತುಂಬಿ ಅವನ ಬಾಗಿಲಿಗೆ ಎಸೆದು ಬಂದಳು. "ಅಪ್ಪನ ಕೊನೇ ಉಸಿರು ಮಾರ್ಕೊಂಡ್ಯಲ್ಲೋ, ಪಾಪಿ." ಅದೇ ಅವರಿಬ್ಬರ ಕೊನೆಯ ಮಾತು.

"ಏನಮ್ಮಾ ಚಿಗುಸಾ, ನಾಲಿಗೆ ಬೆಕ್ಕು ಕಚ್ಕೊಂಡು ಹೋಯ್ತಾ?" ಕುಮೆಸಾನ್ ಕೆಣಕಿದರು.

ಚಿಗುಸಾ ಎದ್ದು ನಿಂತಳು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿತ್ತು, ನುಂಗಲೂ ಆಗದು ಉಗುಳಲೂ ಆಗದು. ನಾಲ್ಕು ಪೊಳ್ಳು ಮಾತಾಡಿ ಕೂತುಬಿಡೋಣ ಎಂದುಕೊಂಡು ಶುರು ಮಾಡಿದಳು. ಅವಯುಕಿ ತಾಳ ತಪ್ಪುವುದಿಲ್ಲ, ಅವನ ಹಾಡು ಕುಣಿಯಲು ಚೆನ್ನ ಎಂದೆಲ್ಲ ಹೇಳಿದಳು. ಯಾರೋ ಆಕಳಿಸಿದರು. ಕಣ್ಣು ತಪ್ಪಿ ಮೂಲೆಯ ಕಡೆ ಹೋಯಿತು. ಅವನು ಅವಳನ್ನೇ ನೋಡುತ್ತಿದ್ದ, ತೀರ್ಪು ಕೇಳಲು ಬಂದವನ ಹಾಗೆ.

ಆಮೇಲೆ ಏನಾಯಿತೋ, ಬಾಯಿಂದ ಬೇರೆಯೇ ಮಾತು ಬಂತು.

"ಅವನ ಮೊದಲ್ನೇ ಹಾಡಲ್ಲಿ ಮರದ ಬಕೆಟ್ ಇಡೋ ಸದ್ದಿದೆ. ನೀವ್ಯಾರೂ ಗಮನಿಸಿರಲ್ಲ. ಆ ಬಕೆಟ್ಟಿದ್ದ ಸ್ನಾನಗೃಹ ಒಡೆದು ಹಾಕಿದ್ರು, ಈಗಲ್ಲಿ ಕಾರು ನಿಲ್ಲಿಸ್ತಾರೆ. ಬಕೆಟ್ ಇಟ್ಟೋರೂ ಹೋದ್ರು. ಊರಿಗೆ ಊರೇ ಮರೆತಿದೆ. ಆದ್ರೆ ಆ ಹಾಡು ಹಾಕಿದ್ರೆ ಅವರು ಈಗ್ಲೂ ಬಕೆಟ್ ಇಡ್ತಾರೆ. ಇಟ್ಟು ನಗ್ತಾರೆ. ಇದನ್ನ ಉಳಿಸಿದೋನು ಅವನೊಬ್ನೇ. ಅವನನ್ನ ಎಷ್ಟೇ ಬೈದ್ರೂ, ಇದನ್ನ ಇಲ್ಲ ಅನ್ನೋಕೆ ನಂಗಾಗಲ್ಲ."

ಆಕಳಿಸಿದವನು ಬಾಯಿ ಮುಚ್ಚಿಕೊಂಡ.

ಇಷ್ಟು ವರ್ಷ ಒಳಗೇ ಕೂತಿದ್ದ ಮಾತದು ಎಂದು ಅವಳಿಗೇ ಗೊತ್ತಿರಲಿಲ್ಲ. ಈಗ ಆ ಮೊದಲನೆಯ ಹಾಡನ್ನೇ ಹಾಕಬೇಕೆಂದಿದ್ದಳು. ಅದು ರೆಕಾರ್ಡಾಗಿ ಬಂದೇ ಇಲ್ಲವಲ್ಲ ಎಂದು ಮಾಸ್ಟರ್ ತನ್ನಲ್ಲಿದ್ದ ಅವಯುಕಿಯ ಒಂದೇ ಒಂದು ರೆಕಾರ್ಡನ್ನು ಅವಳ ಕೈಗಿಟ್ಟ. 'ಫೆಬ್ರವರಿ.'

ಕಾನೂನು ಕಾನೂನೇ. ಮುಳ್ಳು ಇಳಿಸಿದಳು.

ಬೀದಿಯ ಗದ್ದಲದಲ್ಲಿ ಅರ್ಧಂಬರ್ಧ ಕೇಳಿದ್ದ ಹಾಡು ಈಗ ಆ ದೊಡ್ಡ ಸ್ಪೀಕರುಗಳಲ್ಲಿ ಎದೆಯ ಮುಂದೆಯೇ ತೆರೆದುಕೊಂಡಿತು. ಉಸಿರು ಏರಿತು, ಇಳಿಯಿತು. ಚಿಗುಸಾ ಹುಬ್ಬು ಗಂಟಿಕ್ಕಿದಳು. ಅಪ್ಪನ ಉಸಿರು ಹರಿದು ಚೂರಾಗಿತ್ತು, ಒಂದೊಂದಕ್ಕೂ ಅವರು ಏಣಿ ಹತ್ತುವವರಂತೆ ಒದ್ದಾಡುತ್ತಿದ್ದರು. ಇದು ಆಳವಾದ, ಯಾವ ಚಿಂತೆಯೂ ಇಲ್ಲದ ಉಸಿರು. ಗಾಢ ನಿದ್ದೆಯಲ್ಲಿರುವವರದು.

'ಇದು ಅಪ್ಪನದಲ್ಲ... ಹಾಗಾದರೆ ಯಾರದು?'

ಡೋಲು ನಿಂತಿತು. ಹಾಡು ಮುಗಿಯಿತು. ಮುಳ್ಳು ಒಳಗಿನ ಕೊನೆಯ ಗೆರೆಗೆ ಜಾರಿ ಅಲ್ಲೇ ಸುತ್ತತೊಡಗಿತು. ನೋಡಿದಿರಾ, ಸಿಕ್ಕಿಕೊಂಡಿತು ಎಂಬಂತೆ ಕುಮೆಸಾನ್ ಕೈ ಆಡಿಸಿದರು. ಚಿಗುಸಾ ಮುಳ್ಳು ಎತ್ತಲು ಕೈ ಚಾಚಿದಳು. ಕೈ ಗಾಳಿಯಲ್ಲೇ ನಿಂತಿತು.

"ಶ್... ಎಬ್ಬಿಸ್ಬೇಡ್ವೋ."

ಬೇರೆಯವರಿಗೆ ಅದು ಒಣ ಗರಗರ. ಆ ತುಟಿಗಳಿಗೆ ನಾಲ್ಕು ರಾತ್ರಿ ಒದ್ದೆ ಹತ್ತಿ ಒತ್ತಿದವಳಿಗೆ ಮಾತ್ರ ಅದು ಮಾತು.

"ಶ್... ಎಬ್ಬಿಸ್ಬೇಡ್ವೋ."

ಕೆಲವರು ರೆಕಾರ್ಡಿನ ಕೊನೆಯ ಗೆರೆಯನ್ನು ಬೇಕೆಂದೇ ವೃತ್ತ ಮಾಡಿ ಮುಚ್ಚುತ್ತಾರೆ. ಯಾರಾದರೂ ಮುಳ್ಳು ಎತ್ತುವ ತನಕ ಅದು ಅಲ್ಲೇ ಸುತ್ತುತ್ತಿರುತ್ತದೆ. ಫೋನಿನಲ್ಲಿ ಕೇಳುವವರಿಗೆ ಇದು ಸಿಕ್ಕುವುದಿಲ್ಲ. ರೆಕಾರ್ಡು ಮಾರುವ ಚಿಗುಸಾಗೆ ಇದು ಅಆಇಈ ಇದ್ದ ಹಾಗೆ. ಹೊಸಬರಿಗೆ ಅವಳೇ ಹೇಳಿಕೊಟ್ಟಿದ್ದಳು. ಆದರೂ ಒಂದು ಸಲ, ಒಂದೇ ಒಂದು ಸಲ ಹಾಕಿ ಕೇಳದೆ ಅಪ್ಪನ ದನಿಯನ್ನು ಪೆಟ್ಟಿಗೆಗಟ್ಟಲೆ ಹಿಂದಕ್ಕೆ ಕಳಿಸಿದ್ದಳು. ಕೆಟ್ಟಿದೆ ಎಂದು ಚೀಟಿ ಅಂಟಿಸಿ!

ಅವಳು ಅಲ್ಲೇ ನೆಲದ ಮೇಲೆ ಕೂತು ಸ್ಪೀಕರಿಗೆ ಕಿವಿ ಕೊಟ್ಟಳು. ಅಪ್ಪ ಹೇಳುತ್ತಲೇ ಇದ್ದರು. ಅವಳ ಮುಖ ನೋಡಿ ಕುಮೆಸಾನ್ ಮೆಲ್ಲಗೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಮೂಲೆಯ ಸ್ಟೂಲು ಕಿರುಗುಟ್ಟಿತು. ಇತ್ಸುಕಿ ಬಂದು ಪಕ್ಕದಲ್ಲಿ ಮಂಡಿಯೂರಿದ.

"ಆ ಉಸಿರು ಯಾರ್ದು?" ಅವಳು ತಿರುಗಿ ನೋಡಲಿಲ್ಲ.

"ನಿಂದು."

ಅವಳು ಥಟ್ಟನೆ ಅವನ ಕಡೆ ತಿರುಗಿದಳು.

"ನೀನು ಮಲಗಿದ್ದೆ. ನಿನ್ನ ಭುಜಕ್ಕೆ ಕೈ ಹಾಕಿದೆ. ಅವರು ಬೇಡ ಅಂದ್ರು. ನಾಲ್ಕು ದಿನ ಆದ್ಮೇಲೆ ಮಗು ಮಲಗಿದೆ, ಇದಕ್ಕಿಂತ ಒಳ್ಳೇ ಸಂಗೀತ ಬೇಕೇನೋ ನಿಂಗೆ, ಇದನ್ನ ರೆಕಾರ್ಡರಲ್ಲಿ ಹಿಡ್ಕೋ ಅಂದ್ರು. ರೆಕಾರ್ಡರ್ ಹಾಕಿದ್ಮೇಲೂ ಇನ್ನೊಂದ್ಸಲ ಎಬ್ಬಿಸ್ಬೇಡ ಅಂದ್ರು. ಅಷ್ಟು ಬೇಗ ಹೋಗ್ತಾರೆ ಅಂತ ನಂಗೆ ಗೊತ್ತಿರ್ಲಿಲ್ಲ, ಚಿಗುಸಾ."

"ಬಾಯಲ್ಲಿ ಹೇಳೋಕೆ ಏನಾಗಿತ್ತು? ಎಷ್ಟು ಸಲ ಕೇಳ್ದೆ ನಾನು!"

"ಎಬ್ಬಿಸದೇ ಇದ್ದೋನು ನಾನೇ ಅಲ್ವಾ. ಹೋದವರ ಮೇಲೆ ತಪ್ಪು ಹಾಕೋಕೆ ನಾಲಿಗೆ ಏಳ್ಲಿಲ್ಲ. ರೆಕಾರ್ಡ್ ಬಂದಾಗ ಅಂದ್ಕೊಂಡೆ, ಯಾರು ಕೇಳದೇ ಇದ್ರೂ ನೀನು ಕೊನೇ ತನಕ ಕೇಳ್ತೀಯ ಅಂತ. ಕಾದೆ. ನಿನ್ನ ಅಂಗಡಿಯಿಂದ ಪೆಟ್ಟಿಗೆಗಳು ವಾಪಸ್ ಬಂದ್ವು."

ಅಳುವಿನ ನಡುವೆಯೂ ಅವಳಿಗೆ ಸಿಟ್ಟು ಬಂತು. ತನ್ನ ಉಸಿರನ್ನು ತನ್ನನ್ನೇ ಕೇಳದೆ ಊರಿಗೆಲ್ಲ ಹಂಚಿದ್ದು ತಪ್ಪಲ್ಲವೇ ಎಂದಳು. ತಪ್ಪೇ ಎಂದ. ಹೇಡಿ ಎಂದಳು. ಹೌದೆಂದ. ಅವನು ಹಾಗೆ ಎಲ್ಲಕ್ಕೂ ಒಪ್ಪಿಕೊಂಡಾಗ ಬೈಯಲು ಅವಳಲ್ಲಿ ಏನೂ ಉಳಿಯಲಿಲ್ಲ. ಉಳಿದದ್ದು ಒಂದೇ ಪ್ರಶ್ನೆ, ಮೂರು ವರ್ಷ ಕನ್ನಡಿಯ ಮುಂದೆಯೂ ಕೇಳಿಕೊಳ್ಳಲು ಹೆದರಿದ್ದ ಪ್ರಶ್ನೆ.

"ಕೊನೇಲಿ... ಅಪ್ಪ ಏನಾದ್ರೂ ಕೇಳಿದ್ರಾ?"

"ನೀರು ಕೇಳಿದ್ರು."

"ಕೊಟ್ಯಾ?"

"ಚಮಚದಲ್ಲಿ ಕೊಟ್ಟೆ. ಎರಡು ಗುಟುಕು ಕುಡಿದ್ರು. ಆಮೇಲೆ ನಿನ್ನ ಕಡೆ ಮುಖ ಮಾಡ್ಕೊಂಡು ಮಲಗಿದ್ರು."

ಅಪ್ಪನ ಬಾಯಿಗೆ ನೀರು ಬಿಡುವವರು ಯಾರೂ ಇಲ್ಲದೆ ಹೋದರೇನೋ, ತಾನು ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದೆನೇನೋ ಎಂದು ಅವಳು ಮೂರು ವರ್ಷ ಬೆಂದಿದ್ದಳು. ಆ ಸಂಕಟವನ್ನೇ ಇವನ ಮೇಲಿನ ಸಿಟ್ಟು ಮಾಡಿಕೊಂಡು ಬದುಕಿದ್ದಳು. ತನ್ನನ್ನು ದ್ವೇಷಿಸುವುದಕ್ಕಿಂತ ಅವನನ್ನು ದ್ವೇಷಿಸುವುದು ಸುಲಭವಾಗಿತ್ತು. ಈಗ ಅವನ ಭುಜಕ್ಕೆ ಹಣೆ ಒತ್ತಿ, ಅಪ್ಪ ಸತ್ತ ದಿನವೂ ಅಳದಷ್ಟು ಅತ್ತಳು.

ಮಾಸ್ಟರ್ ಸದ್ದಿಲ್ಲದೆ ಬಾಗಿಲಿನ ಫಲಕವನ್ನು 'ಮುಚ್ಚಿದೆ' ಎಂಬ ಕಡೆಗೆ ತಿರುಗಿಸಿ ಬಂದ. ಇವತ್ತು ಗೆದ್ದವರು ಯಾರೆಂದು ಯಾರೂ ಕೇಳಲಿಲ್ಲ. ಬಿಳಿ ಮಾಸ್ಕಿನವನು ಯಾರೆಂದು ಕೇಳುವ ಅಗತ್ಯವೂ ಬೀಳಲಿಲ್ಲ. ಒಬ್ಬೊಬ್ಬರೇ ಎದ್ದು ಹೋದರು. ಕುಮೆಸಾನ್ ಮಾತ್ರ ಬಾಗಿಲಲ್ಲಿ ನಿಂತು, ತನ್ನ ರೆಕಾರ್ಡನ್ನು ಇನ್ನೂ ಹಿಂದಿರುಗಿಸಿಲ್ಲ, ಹಿಂದಿರುಗಿಸುವುದೂ ಇಲ್ಲ ಎಂದು ಗೊಣಗಿ ಹೋದರು.

ಚಿಗುಸಾ ಇನ್ನೊಂದಿಷ್ಟು ಹೊತ್ತು ಕೇಳಿದಳು. ಆಮೇಲೆ ಕಣ್ಣೊರೆಸಿಕೊಂಡು ತಾನೇ ಮುಳ್ಳು ಎತ್ತಿದಳು. ಅಂಗಡಿ ನಿಶ್ಶಬ್ದವಾಯಿತು.

"ಆ ರಾತ್ರಿಯಿಂದ ನಂಗೆ ಸರಿಯಾಗಿ ನಿದ್ದೇನೇ ಬಂದಿಲ್ಲ ಕಣೋ," ಎಂದಳು. "ಕಣ್ಣು ಮುಚ್ಚೋಕೆ ಭಯ. ಮುಚ್ಚಿದ್ರೆ ಯಾರೋ ಹೋಗ್ಬಿಡ್ತಾರೆ ಅನ್ಸುತ್ತೆ."

"ಇವತ್ತು ಮಲಗು. ನಾನು ಎಚ್ಚರವಾಗಿರ್ತೀನಿ."

"ಏನಾದ್ರೂ ಆದ್ರೆ?"

ಇತ್ಸುಕಿ ಮಾಸ್ಕು ತೆಗೆದ. ಅವನ ಮುಖವೂ ಒದ್ದೆಯಾಗಿತ್ತು.

"ಎಬ್ಬಿಸ್ತೀನಿ. ಯಾರು ಬೇಡ ಅಂದ್ರೂ ನಿನ್ನ ಎಬ್ಬಿಸ್ತೀನಿ."