ಉಸಿರು ಹೀರುವ ಕಾಳು

ಒಂಬತ್ತನೆಯ ದಿನವೇ ಪರೀಕ್ಷೆಯ ಕೋಣೆ ತೆರೆದು ಒಳಗಿದ್ದ ನಾಲ್ವರನ್ನೂ ಹೊರಗೆ ಕರೆತರಬೇಕಾಯಿತು. ತಲೆನೋವು, ಏದುಸಿರು. ಕೆಟ್ಟಿದ್ದು ಒಳಗಿನ ಕಾಳುಗಳು, ಬಾಹ್ಯಾಕಾಶ ನೌಕೆಯಲ್ಲಿ ಜನ ಬಿಟ್ಟ ಉಸಿರಿನ ಕೆಟ್ಟ ಗಾಳಿ ಹೀರಬೇಕಾದವು. ವರ್ಷ ಬಾಳಬೇಕಿತ್ತು, ಬಳಸತೊಡಗಿ ಎರಡೇ ತಿಂಗಳಾಗಿತ್ತು.

ತನಿಖೆಗೆ ಬಂದ ಹೆಂಗಸು ಮೊಣಕಾಲು ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತಳು.

"ಇದರಲ್ಲಿ ತನಿಖೆ ಏನಿದೆ ಮೇಡಂ?" ಎಂದ ಪ್ರಯೋಗಾಲಯದ ಮುಖ್ಯಸ್ಥ, ಎಡಗೈಯಲ್ಲಿ ಕಾಗದ ಬರೆಯುತ್ತ. "ಡಬ್ಬಿಯಲ್ಲಿನ ಕಾಳಿಗೆ ಕಾವು ಕೊಟ್ಟು, ಹೀರಿದ್ದನ್ನ ಬಿಡಿಸೋದು ಹೀಟರಮ್ಮನ ಕೆಲಸ. ಕಾವು ಜಾಸ್ತಿ ಮಾಡಿ ಸುಟ್ಟಿದಾಳೆ. ಇವತ್ತೇ ಕೆಲಸದಿಂದ ತೆಗೀತೀನಿ."

ಹದಿನೇಳು ವರ್ಷದಿಂದ ಹೀಟರಮ್ಮ ಎನ್ನಿಸಿಕೊಂಡವಳು ಗೋಡೆಗೆ ಒರಗಿ ನಿಂತಿದ್ದಳು.

"ನೀನೇನಂತೀಯಮ್ಮ?" ಎಂದಳು ತನಿಖೆಯವಳು.

"ಏನನ್ನಲಿ ಅಕ್ಕ, ಹೇಳಿ ಹೇಳಿ ಬಾಯಿ ಒಣಗಿತು. ಸಂಜೆ ನಾಲ್ಕಕ್ಕೆ ಹೀಟರ್ ಆರಿಸಿ ಮನೆಗೆ ಹೋಗ್ತೀನಿ. ಬೆಳಿಗ್ಗೆ ಬಂದು, ಡಬ್ಬಿ ತಣ್ಣಗಾದ ಮೇಲೇ ಮುಚ್ಚಳ ತೆಗೆಯೋದು."

"ಬಿಸಿ ಇರುವಾಗ ತೆಗೆದರೆ?"

"ಅಯ್ಯೋ, ಬಿಸಿ ಕಾಳಿಗೆ ಗಾಳಿ ಸೋಕಬಾರದು. ಕಂದು ತಿರುಗಿ ಸತ್ತೇ ಹೋಗ್ತವೆ."

"ಹೀಟರ್ ಎಲ್ಲಿರೋದು?"

"ಡಬ್ಬಿಯ ತಳದಲ್ಲಿ."

ತನಿಖೆಯವಳು ಹಳೆಯ ಪತ್ರಿಕೆ ಹಾಸಿ, ಕಾಳನ್ನು ಪದರ ಪದರವಾಗಿ ಚಮಚದಲ್ಲಿ ತೆಗೆದಳು. ಮೇಲಿನವು ಕಂದು. ತಳದವು ಹಾಲಿನಂತೆ ಬಿಳಿ.

"ಒಲೆ ಮೇಲಿನ ಪಾತ್ರೆ ಯಾವ ಕಡೆಯಿಂದ ಸೀಯುತ್ತೆ ಸಾರ್?"

"ತಳದಿಂದ—" ಮುಖ್ಯಸ್ಥನ ಪೆನ್ನು ನಿಂತಿತು.

"ತಳ ಹಿಡಿದಿಲ್ಲ. ಇದು ಮೇಲಿನಿಂದ ಬಂದ ಗಾಳಿಯ ಕೆಲಸ. ಯಾರೋ ಬಿಸಿಯಲ್ಲೇ ಮುಚ್ಚಳ ಎತ್ತಿದಾರೆ." ಅವಳು ಮೊಳೆಗೆ ತೂಗುಹಾಕಿದ್ದ ದಪ್ಪ ಕೈಗವಸುಗಳನ್ನು ತೋರಿಸಿದಳು. "ಹೀಟರಮ್ಮ, ಇವು ನಿನಗೆ ಬೇಕಾಗ್ತವಾ?"

"ತಣ್ಣಗಿನ ಡಬ್ಬಿಗೆ ಯಾಕಕ್ಕ?"

"ಬಲಗೈದು ಹೊಸದರ ಹಾಗೇ ಇದೆ. ಎಡಗೈದು ಕಮರಿ ಕಪ್ಪಾಗಿದೆ. ಇಲ್ಲಿ ಎಡಗೈ ಮುಂದೆ ಮಾಡೋರು ಯಾರು ಸಾರ್?"

ಮುಖ್ಯಸ್ಥ ಪೆನ್ನು ಹಿಡಿದ ತನ್ನ ಕೈಯನ್ನೇ ನೋಡಿಕೊಂಡ.

"ದಿನಾ ಸಂಜೆ ಐದಕ್ಕೆ... ಒಂದೇ ಕ್ಷಣ. ಅದರಿಂದ ಏನಾಗುತ್ತೆ ಅಂದ್ಕೊಂಡೆ. ಇದನ್ನ ನಂಬಿ ಜನ ಮೇಲೆ ಹೋಗ್ತಾರಲ್ಲ, ನೋಡದೆ ನಿದ್ದೆ ಬರ್ತಿರಲಿಲ್ಲ."

"ಮಲಗಿದ ಮಗುವಿನ ಹೊದಿಕೆ ಎತ್ತೆತ್ತಿ ನೋಡಿದರೆ ಶೀತ ಆಗದೆ ಇರುತ್ತಾ?" ಎಂದು ಅವಳು ಮೊಣಕಾಲು ಒತ್ತಿಕೊಂಡು ಎದ್ದಳು.

ಮುಖ್ಯಸ್ಥ ಕಾಗದವನ್ನು ನಾಲ್ಕಾಗಿ ಹರಿದ.

"ಸಾರ್," ಎಂದಳು ಹೀಟರಮ್ಮ, "ನಾಳೆಯಿಂದ ಮುಚ್ಚಳಕ್ಕೆ ಬೀಗ ಹಾಕಲಾ?"

"ಹಾಕಮ್ಮ. ನಾನು ಎಷ್ಟು ಕೇಳಿದರೂ ಕೀಲಿ ಕೊಡಬೇಡ."